ಬೆಟ್ಟದೊಳಗಿನ ಒಂದು ಮೊಳ

ಸುರಂಗ ಕೊರೆಯುವ ಯಂತ್ರಕ್ಕೆ ಕೆಲಸಗಾರರು ಇಟ್ಟ ಹೆಸರು ‘ದೊಡ್ಡತ್ತೆ’. ಎಷ್ಟು ತಿಂದರೂ ಸಾಲದು, ದಿನವಿಡೀ ಗೊಣಗಾಟ, ಒಂದು ಗಂಟೆ ಸುಮ್ಮನಾದರೆ ಸಾಕು, ಎಲ್ಲರಿಗೂ ಗಾಬರಿ. ಮೂರಂತಸ್ತಿನ ಮನೆಯಷ್ಟು ಎತ್ತರದ ತನ್ನ ಮುಖವನ್ನು ಬಂಡೆಗೆ ಒತ್ತಿ, ಅರೆದು, ನುಂಗಿ, ಅದು ಬೆಟ್ಟದ ಪೂರ್ವದಿಂದ ಒಳಗೆ ಹೊರಟು ಆರು ವರ್ಷವಾಗಿತ್ತು. ಪಶ್ಚಿಮದವರು ತಮ್ಮ ಪಾಲು ಕೊರೆದು ಮುಗಿಸಿದ್ದರು. ಬೆಟ್ಟದ ನಡುಮಧ್ಯೆ ದೊಡ್ಡದೊಂದು ಕೋಣೆ ತೆಗೆದು, ಅದರ ಗೋಡೆಯ ಮೇಲೆ ಕೆಂಪು ಬಣ್ಣದ ವೃತ್ತ ಬರೆದು ಕಾಯುತ್ತಿದ್ದರು. ದೊಡ್ಡತ್ತೆ ಆ ವೃತ್ತದಿಂದಲೇ ಹೊರಗೆ ಬರಬೇಕು.

ಕಣ್ಣಿಲ್ಲದ ಈ ಅತ್ತೆಯ ಕೈ ಹಿಡಿದು ನಡೆಸುವ ಕೆಲಸ ಸರ್ವೇಯರಮ್ಮನದು. ಬೆಟ್ಟದ ಒಳಗೆ ಸೂರ್ಯನಿಲ್ಲ, ಉಪಗ್ರಹವೂ ಇಣುಕಲಾರದು. ಹೊರಗಿನ ಒಂದು ಕಲ್ಲಿನಿಂದ ಹೊರಟ ಗೆರೆಯನ್ನು ಗೋಡೆಗೆ ಜಡಿದ ಕಬ್ಬಿಣದ ಹಲಗೆಯಿಂದ ಹಲಗೆಗೆ ದುರ್ಬೀನಿನಲ್ಲಿ ನೋಡುತ್ತ ನೋಡುತ್ತ ಎಂಟು ಕಿಲೋಮೀಟರ್ ಒಳಗೆ ಒಯ್ಯಬೇಕು. ದಿನಾ ಬೆಳಿಗ್ಗೆ ಪುಟ್ಟ ರೈಲಿನಲ್ಲಿ ಒಳಗೆ ಹೋಗುವಾಗ ಅವಳು ಹಿಂತಿರುಗಿ ನೋಡುತ್ತಿದ್ದಳು. ಸುರಂಗದ ಬಾಯಿ ತಟ್ಟೆಯಾಗಿ, ಅಂಗಿಯ ಗುಂಡಿಯಾಗಿ, ಕೊನೆಗೆ ಸಾಸಿವೆಯಷ್ಟಾಗಿ ಇಲ್ಲವಾಗುತ್ತಿತ್ತು. ತಲೆಯ ಮೇಲೆ ಒಂದೂವರೆ ಕಿಲೋಮೀಟರ್ ಬೆಟ್ಟ. ಆರು ವರ್ಷವಾದರೂ ಅವಳಿಗೆ ಇದು ರೂಢಿಯಾಗಿರಲಿಲ್ಲ. ಮನುಷ್ಯರು ಇಂಥದ್ದಕ್ಕೆ ಕೈ ಹಾಕುತ್ತಾರಲ್ಲ ಎಂದು ದಿನವೂ ಮೈ ಜುಮ್ಮೆನ್ನುತ್ತಿತ್ತು.

ಅಪ್ಪನಿಗೆ ಮಾತ್ರ ಇದರಲ್ಲಿ ಏನೂ ಬೆರಗಿರಲಿಲ್ಲ. ಅವರೂ ಒಂದು ಕಾಲದ ಸರ್ವೇಯರು. ನಲವತ್ತು ವರ್ಷದ ಹಿಂದೆ ಅವರು ಗೆರೆ ಹಾಕಿದ ರೈಲು ಸುರಂಗ ಎರಡು ಕಡೆಯಿಂದ ಬಂದು ಕೂಡಲಿಲ್ಲ, ಒಂಬತ್ತು ಅಡಿ ತಪ್ಪಿತು. ನಡುವೆ ಒಂದು ತಿರುವು ಕೊಟ್ಟು ಹೇಗೋ ಗಂಟು ಹಾಕಿದರು. ಇವತ್ತಿಗೂ ಅಲ್ಲಿ ರೈಲು ತೆವಳುತ್ತದೆ. ಅಂದಿನಿಂದ ಅಪ್ಪ ಊರಿಗೆಲ್ಲ ‘ಸೊಟ್ಟ ಸರ್ವೇಯರು’. ಶಾಲೆಯಲ್ಲಿ ಮಗಳು ‘ಸೊಟ್ಟಿ’ಯಾದಳು. ಹಾಗೆ ಕರೆದ ಇಬ್ಬರ ಮೂಗಿನಿಂದ ರಕ್ತ ಬರಿಸಿ, ಹೆಡ್‌ಮಾಸ್ತರರ ಕೋಣೆಯ ಮುಂದೆ ಇಡೀ ದಿನ ನಿಂತದ್ದೂ ಉಂಟು. ಅಪ್ಪನ ತಪ್ಪು ಆಗಿನ ಲಡಾಸು ಉಪಕರಣಗಳದ್ದು ಎಂದು ಅವಳು ನಂಬಿದ್ದಳು. ಅದೇ ಹಟಕ್ಕೆ ಬಿದ್ದು ಅದೇ ವೃತ್ತಿ ಹಿಡಿದಿದ್ದಳು.

ಒಂದು ಭಾನುವಾರ ಬೆಳಿಗ್ಗೆ ಅಪ್ಪ ಪೇಪರಿನ ಹಿಂದಿನಿಂದಲೇ ಕೇಳಿದರು. “ಇನ್ನೆಷ್ಟು ಉಳಿದಿದೆ?”

“ಐನೂರು ಮೀಟರ್. ಮುಂದಿನ ತಿಂಗಳು ಇಪ್ಪತ್ತೆಂಟಕ್ಕೆ ಹೊರಗೆ ಬರುತ್ತೆ. ದೊಡ್ಡೋರೆಲ್ಲ ಬರ್ತಾರಂತೆ.”

“ಬರ್ತಾರೆ, ಬರದೆ ಏನು? ಮೂರು ದಿನದಿಂದ ನಲ್ಲೀಲಿ ನೀರಿಲ್ಲ, ಅದಕ್ಕೆ ಯಾರೂ ಬರಲ್ಲ. ಬೆಟ್ಟಕ್ಕೆ ತೂತು ಹೊಡೆದ್ರೆ ಹಾರ ಹಿಡ್ಕೊಂಡು ಬರ್ತಾರೆ. ನೋಡ್ತಾ ಇರು, ದೇಶ ಮುಳುಗೋ ಮುಂಚೆ ಹೀಗೇ ದೊಡ್ಡದೊಡ್ಡದು ಮಾಡುತ್ತೆ. ನನ್ನ ಕಾಲದಲ್ಲೇ ಶುರುವಾಗಿತ್ತು.”

ಈ ಪುರಾಣ ಅವಳಿಗೆ ಬಾಯಿಪಾಠವಾಗಿತ್ತು. ಹೂಂಗುಟ್ಟುತ್ತ ಬಟ್ಟೆ ಮಡಚುತ್ತಿದ್ದಳು.

“ಗೆರೆ ಯಾವ ಗೋಡೆ ಹಿಡಿದು ಹೋಗಿದೆ?”

“ಎಡಗಡೆ. ಬಲಗಡೆ ರೈಲು ಓಡಾಡುತ್ತಲ್ಲ, ಅಡ್ಡ ಬರುತ್ತೆ.”

“ಪೂರ್ತಿ ಎಡಗಡೆನೇ?” ಅಪ್ಪ ಪೇಪರು ಕೆಳಗಿಟ್ಟರು. “ಗೋಡೆ ಬಿಸಿ ಇರುತ್ತಾ?”

“ಕೈಯಿಟ್ಟರೆ ಬೆಚ್ಚಗಿರುತ್ತೆ. ಅಷ್ಟು ಆಳದ ಬಂಡೆ ಅಲ್ವಾ?”

“ಫ್ಯಾನಿನ ಗಾಳಿ?”

“ತಣ್ಣ...” ಎಂದವಳು ಅಲ್ಲಿಗೇ ನಿಲ್ಲಿಸಿದಳು. ಮಡಚುತ್ತಿದ್ದ ಬಟ್ಟೆ ಕೆಳಗಿಟ್ಟಳು.

ಸುಡುಬಿಸಿಲಿನಲ್ಲಿ ಟಾರು ರಸ್ತೆ ದೂರದಲ್ಲಿ ನೀರು ನಿಂತಂತೆ ಹೊಳೆಯುತ್ತದೆ. ಬಿಸಿ ನೆಲದ ಪಕ್ಕದ ಗಾಳಿಯಲ್ಲಿ ಬೆಳಕು ಬಾಗುವುದರಿಂದ ಆಗುವ ಮೋಸ ಅದು. ಬಿಸಿ ಗೋಡೆಯ ಪಕ್ಕದಲ್ಲೂ ಬೆಳಕು ಹಾಗೆಯೇ ಬಾಗುತ್ತದೆ, ಕಣ್ಣಿಗೆ ಕಾಣದಷ್ಟು ಕೊಂಚ. ಒಮ್ಮೆ ಎಡಗೋಡೆ, ಒಮ್ಮೆ ಬಲಗೋಡೆ ಎಂದು ಅಡ್ಡಡ್ಡ ನೋಡುತ್ತ ಹೋದರೆ ಆ ತಪ್ಪನ್ನು ಈ ತಪ್ಪು ಅಳಿಸುತ್ತದೆ. ಒಂದೇ ಗೋಡೆ ಹಿಡಿದರೆ ಕೂಡುತ್ತ ಹೋಗುತ್ತದೆ. ಓದಿದ ಪಾಠವೇ. ರೈಲು ಅಡ್ಡ ಬರುತ್ತದೆಂದು, ಅನುಕೂಲವೆಂದು, ಆರು ವರ್ಷ ಅದನ್ನು ಮರೆತಿದ್ದಳು.

ಸೋಮವಾರ ಬೆಳಿಗ್ಗೆ ಅವಳು ದೊಡ್ಡ ಇಂಜಿನಿಯರ ಮುಂದೆ ನಿಂತಿದ್ದಳು. ಅವರ ಕೋಣೆಯ ಗೋಡೆಯ ತುಂಬ ಇಪ್ಪತ್ತೆಂಟನೇ ತಾರೀಕಿನ ಸಭೆಯ ನಕ್ಷೆ. ಯಾವ ಸೋಫಾ ಯಾರಿಗೆ ಎಂಬುದೂ ಅದರಲ್ಲಿತ್ತು.

“ಎರಡು ದಿನ ಯಂತ್ರ ನಿಲ್ಲಿಸಬೇಕು ಸಾರ್. ಗೆರೆ ಮೊದಲಿಂದ ನೋಡಬೇಕು.”

“ತಪ್ಪಾಗಿದೆ ಅಂತೀರಾ?”

“ಆಗಿರಬಹುದು. ನೋಡದೆ ಹೇಳಕ್ಕಾಗಲ್ಲ.”

“ಆಗಿರಬಹುದು ಅನ್ನೋದಕ್ಕೆ ಎರಡು ದಿನ. ಮೇಲಿನೋರಿಗೆ ನಾನೇನು ಹೇಳಲಿ? ಅವರ ತಾರೀಕು ಮುಂದಕ್ಕೆ ಹೋಗಲ್ಲಮ್ಮ, ನಮ್ಮ ತಲೆ ಹೋಗುತ್ತೆ.”

ಅವಳು ಗೋಡೆಯ ನಕ್ಷೆಯತ್ತ ನೋಡಿದಳು. ತಾನು ಸುಮ್ಮನಿದ್ದರೆ ಇವತ್ತಿಗೆ ಯಾರಿಗೂ ಗೊತ್ತಾಗುವುದಿಲ್ಲ. ತಪ್ಪು ಇಲ್ಲದೆಯೂ ಇರಬಹುದು. ಹೇಳಿದರೆ ಮಾತ್ರ ನಾಳೆಯಿಂದಲೇ ಸೊಟ್ಟ ಸರ್ವೇಯರರ ಮಗಳು ಸೊಟ್ಟಿ, ವಂಶದ ಬುದ್ಧಿ ಎಲ್ಲಿಗೆ ಹೋದೀತು ಎಂದು ಜನ ಆಡಿಕೊಳ್ಳುತ್ತಾರೆ.

“ನನ್ನ ತಪ್ಪು ಅಂತ ಹೇಳಿ ಸಾರ್. ಬರೆದುಕೊಡ್ತೀನಿ.”

ಅಲ್ಲೇ ಕುಳಿತು ಬರೆದಳು. ಕೆಳಗೆ ಸಹಿ ಹಾಕಿ ಕೊಟ್ಟಳು. ದೊಡ್ಡ ಇಂಜಿನಿಯರು ಕಾಗದವನ್ನು ಎರಡು ಸಲ ಓದಿದರು, ಗೋಡೆಯ ನಕ್ಷೆಯನ್ನೊಮ್ಮೆ ನೋಡಿದರು, ಆಮೇಲೆ ಫೋನೆತ್ತಿ ಯಂತ್ರ ನಿಲ್ಲಿಸಿ ಎಂದರು.

ದೊಡ್ಡತ್ತೆ ಸುಮ್ಮನಾದಾಗ ಬೆಟ್ಟದೊಳಗೆ ಕಿವಿ ಗುಯ್‌ಗುಡುವಂಥ ಮೌನ. ಎಡದಿಂದ ಬಲಕ್ಕೆ, ಬಲದಿಂದ ಎಡಕ್ಕೆ ಗೆರೆ ಹಾಕುತ್ತ ಅವಳು ಎಂಟು ಕಿಲೋಮೀಟರ್ ನಡೆದಳು. ಎರಡನೇ ದಿನ ಸಂಜೆ ಲೆಕ್ಕ ಸಿಕ್ಕಿತು. ಯಂತ್ರ ಒಂದು ಮೊಳದಷ್ಟು ಬಲಕ್ಕೆ ಜಾರಿತ್ತು. ಹಾಗೇ ಬಿಟ್ಟಿದ್ದರೆ ಎರಡು ಸುರಂಗಗಳ ತುಟಿ ಸೇರುತ್ತಿರಲಿಲ್ಲ. ಉಳಿದ ಐನೂರು ಮೀಟರಿನಲ್ಲಿ ದೊಡ್ಡತ್ತೆಯನ್ನು ಓಲೈಸಿ ಓಲೈಸಿ ಎಡಕ್ಕೆ ತಿರುಗಿಸಿದರು.

ತಾರೀಕು ಎರಡು ದಿನ ಮುಂದಕ್ಕೆ ಹೋಯಿತು. ದೊಡ್ಡವರಿಗೆ ಬಿಡುವಾಗಲಿಲ್ಲ, ಬರಲಿಲ್ಲ. ತಂದು ಹಾಕಿದ ಸೋಫಾಗಳ ಮೇಲೆ ವೆಲ್ಡರುಗಳು, ಅಡುಗೆಯವರು, ಕಲ್ಲುಪುಡಿ ಸಾಗಿಸುವವರು ಹೆಂಡತಿ ಮಕ್ಕಳ ಸಮೇತ ಕಾಲು ಚಾಚಿ ಕುಳಿತರು. ನಾನೂ ಬರ್ತೀನಿ ಎಂದು ಅಪ್ಪ ತಾವಾಗಿಯೇ ಹೇಳಿದಾಗ ಅವಳಿಗೆ ನಂಬಲಾಗಲಿಲ್ಲ.

ಪಶ್ಚಿಮದ ಬಾಯಿಯಿಂದ ಒಳಗೆ ಹೋಗುವಾಗ ಅಪ್ಪ ಕತ್ತು ಚಾಚಿ ನೋಡುತ್ತಿದ್ದರು. ದೀಪಗಳ ಸಾಲು ಎಲ್ಲೂ ತುಂಡಾಗದೆ ಮುಂದೆ ಮುಂದೆ ಹೋಗುತ್ತಿತ್ತು. ಗೋಡೆಯ ಕಾಂಕ್ರೀಟು ಬಳೆಗಳು ಒಂದರ ಪಕ್ಕ ಒಂದು, ಸಾವಿರಾರು, ಕೂದಲೆಳೆ ತೂರದಷ್ಟು ಒತ್ತಾಗಿ ಕುಳಿತಿದ್ದವು. ನಡುಕೋಣೆ ತಲುಪಿದಾಗ ಅವರು ತಲೆಯೆತ್ತಿ ಚಾವಣಿ ನೋಡಿದರು, ಕೆಂಪು ವೃತ್ತ ನೋಡಿದರು, ತಲೆಯ ಟೊಪ್ಪಿ ತೆಗೆದು ಕೈಯಲ್ಲಿ ಹಿಡಿದುಕೊಂಡರು. ಹಾಕ್ಕೊಳ್ಳಿ ಸಾರ್, ಕಲ್ಲು ಬೀಳುತ್ತೆ ಎಂದು ಯಾರೋ ಗದರಿದ ಮೇಲೆ ಮತ್ತೆ ಹಾಕಿಕೊಂಡರು.

ಮೊದಲು ಅಂಗಾಲಿಗೆ ಗೊತ್ತಾಯಿತು. ನೆಲ ಸಣ್ಣಗೆ ಗುನುಗಿತು. ಆಮೇಲೆ ವೃತ್ತದೊಳಗಿನ ಬಂಡೆ ಬಿರುಕುಬಿಟ್ಟಿತು. ಹೆಂಚಿನಷ್ಟು ಒಂದು ಚೂರು ಕಳಚಿತು, ಬಾಗಿಲಿನಷ್ಟು ಒಂದು ಬಂಡೆ ಉರುಳಿತು, ಧೂಳು ಎದ್ದು ಏನೂ ಕಾಣದಾಯಿತು. ಧೂಳು ಇಳಿದಾಗ ದೊಡ್ಡತ್ತೆಯ ಮುಖ ಗೋಡೆಯ ತುಂಬ ಮೆಲ್ಲಗೆ ತಿರುಗುತ್ತಿತ್ತು, ಕೆಂಪು ಗೆರೆ ಅದರ ಸುತ್ತ ಹಾಗೇ ಉಳಿದಿತ್ತು. ಸಂದಿನಿಂದ ಪೂರ್ವದ ಗಾಳಿ ಸುಯ್ಯೆಂದು ಬಂದು ಎಲ್ಲರ ಮುಖಕ್ಕೆ ತಾಗಿತು. ಬೆಟ್ಟ ಹುಟ್ಟಿದಂದಿನಿಂದ ಆ ಗಾಳಿ ಈ ಕಡೆಗೆ ಹೀಗೆ ಬಂದದ್ದಿಲ್ಲ. ಅಡುಗೆಯವನೊಬ್ಬ ಗಳಗಳನೆ ಅತ್ತುಬಿಟ್ಟ.

“ನನಗೆ ಗೊತ್ತಿತ್ತು,” ಎಂದರು ಅಪ್ಪ.

“ಏನು ಗೊತ್ತಿತ್ತು?”

“ನನ್ನ ಗೆರೆ ತಪ್ಪಿದೆ ಅಂತ. ಕೂಡೋದಕ್ಕೆ ಒಂದು ತಿಂಗಳು ಮುಂಚೆ ಲೆಕ್ಕ ಇನ್ನೊಂದು ಸಲ ಮಾಡಿದೆ, ತಾಳೆ ಆಗಲಿಲ್ಲ. ಹೇಳಿದ್ರೆ ಕೆಲಸ ನಿಲ್ಲುತ್ತೆ, ಹೆಸರು ಕೆಡುತ್ತೆ ಅಂತ ಚೀಟಿ ಮಡಚಿ ಜೇಬಿಗೆ ಹಾಕ್ಕೊಂಡೆ.” ಅವರು ಯಂತ್ರದ ಮೇಲಿನ ಕಣ್ಣು ತೆಗೆಯಲಿಲ್ಲ. “ಆಮೇಲೆ ದೇಶ ಹಾಳಾಯ್ತು, ಹಾಳಾಯ್ತು ಅಂತ ಹೇಳ್ಕೊಂಡು ಬಂದೆ. ಹಾಗಂದ್ರೆ ನನ್ನ ಪಾಲಿನ ತಪ್ಪು ಒಂಚೂರು ಕಮ್ಮಿ ಅನ್ನಿಸ್ತಿತ್ತು.”

ಅವಳಿಗೆ ಮೈಯೆಲ್ಲ ಉರಿಯಿತು. ಈ ಮನುಷ್ಯನ ಹೆಸರಿಗಾಗಿ ಹೊಡೆದಾಡಿದ್ದೇನು, ಪಡಬಾರದ ಪಾಡು ಪಟ್ಟಿದ್ದೇನು. ಏನಾದರೂ ಅನ್ನಬೇಕೆಂದು ಬಾಯಿ ತೆರೆದಳು. ಅಪ್ಪನ ಮುಖದ ಮೇಲೆ ಧೂಳು ಕೂತು, ಅದರಲ್ಲಿ ಎರಡು ಗೆರೆ ಒದ್ದೆಯಾಗಿದ್ದವು.

ಅಷ್ಟರಲ್ಲಿ ದೊಡ್ಡ ಇಂಜಿನಿಯರು ನಗುತ್ತ ಬಂದರು. “ಎರಡೇ ಬೆರಳು ವ್ಯತ್ಯಾಸ ಕಣಮ್ಮ, ಬರೀ ಎರಡು ಬೆರಳು. ಇವರು ಯಾರು?”

ಸಿಟ್ಟು ಇನ್ನೂ ಇಳಿದಿರಲಿಲ್ಲ. ಆದರೂ ಇದ್ದದ್ದನ್ನು ಇದ್ದ ಹಾಗೆ ಹೇಳಿದಳು. “ನಮ್ಮಪ್ಪ ಸಾರ್. ತಪ್ಪು ಕಂಡುಹಿಡಿದವರು ಇವರು, ನಾನಲ್ಲ.”

ಇಂಜಿನಿಯರು ಅಪ್ಪನತ್ತ ಕೈ ಚಾಚಿದರು. ಅಪ್ಪ ಕೈ ಕೊಡಲಿಲ್ಲ.

“ಕಂಡುಹಿಡಿಯೋದು ಆಗಲೂ ನನಗೆ ಬರ್ತಿತ್ತು,” ಎಂದರು. “ಹೇಳಿದ್ದು ಇವಳು. ಇವಳಿಗೆ ಕೊಡಿ.”