ಔಷಧಿ ಹೊಡೆಯದ ಟೊಮೇಟೊ

ಹಳ್ಳಿಮೈಸೂರಿನ ಚನ್ನಬಸವಯ್ಯನಿಗೆ ಮಾತು ಕೊಡುವುದೆಂದರೆ ಎಲೆಯಡಿಕೆ ಕೊಟ್ಟಷ್ಟು ಸಲೀಸು. ದಲ್ಲಾಳಿಗಳ ಸಹವಾಸವೇ ಬೇಡವೆಂದು ಊರಿನ ಐದು ಜನ ರೈತರು ಪ್ರತಿ ಶನಿವಾರ ಹೊಳೆನರಸೀಪುರದ ಮೂವತ್ತು ಮನೆಗಳಿಗೆ ತಾವೇ ತರಕಾರಿ ಕೊಟ್ಟು ಬರುತ್ತಿದ್ದರು. ಕರಾರು ಒಂದೇ: ಔಷಧಿ ಹೊಡೆಯಕೂಡದು. ಅದನ್ನು ಮನೆಮನೆಯ ಬಾಗಿಲಲ್ಲಿ ನಿಂತು ಎದೆ ತಟ್ಟಿ ಹೇಳಿದವನು ಇವನೇ.

ಎರಡು ಸಾವಿರದ ಮೂರನೇ ಇಸವಿಯ ಆಷಾಢದಲ್ಲಿ ಟೊಮೇಟೊಗೆ ಹುಳು ಬಿತ್ತು. ಬೇವಿನ ಕಷಾಯಕ್ಕೆ ಅದು ಕ್ಯಾರೆ ಅನ್ನಲಿಲ್ಲ. ಮಿಕ್ಕ ನಾಲ್ವರು ಕೆಟ್ಟ ಕಾಯಿ ಕಿತ್ತೆಸೆದು, "ಈ ವಾರ ಕಮ್ಮಿ ಕಣ್ರವ್ವ" ಎಂದು ಹೇಳಿ ಬಂದರು. ಇವನಿಗೆ ಅಷ್ಟು ಹೇಳಲು ಒಣ ಜಂಭ ಬಿಡಲಿಲ್ಲ. ಕದ್ದುಮುಚ್ಚಿ ಔಷಧಿ ಹೊಡೆದ, ಒಂದಲ್ಲ, ಎರಡು ಸಲ. 'ಯಾರಿಗೆ ಗೊತ್ತಾಗುತ್ತೆ' ಅಂದುಕೊಂಡ. ಹಾಳು ಕೆಲಸಗಳೆಲ್ಲ ಶುರುವಾಗುವುದೇ ಈ ಮಾತಿನಿಂದ ನೋಡಿ.

ಎರಡನೇ ಸಲ ಹೊಡೆದ ದಿನವೇ, ಶನಿವಾರದ ಗಿರಾಕಿ, ನಿವೃತ್ತ ಟೀಚರ್ ಲಕ್ಷ್ಮೀದೇವಮ್ಮ, ಮೊಮ್ಮಗಳು ಮೈತ್ರೇಯಿಯನ್ನು ಕರೆದುಕೊಂಡು ಹೇಳದೆ ಕೇಳದೆ ಹೊಲಕ್ಕೆ ಬಂದರು.

"ನೋಡೇ, ನಮ್ಮನೆ ಟೊಮೇಟೊ ಬೆಳೆಯೋದು ಇಲ್ಲೇ. ತೊಳೀದೇನೇ ತಿನ್ನಬಹುದು!"

ಹುಡುಗಿ ಒಂದು ಹಣ್ಣು ಕಿತ್ತು ಬಾಯಿಗಿಟ್ಟಳು.

ಚನ್ನಬಸವಯ್ಯ ಓಡಿಹೋಗಿ ಹಣ್ಣು ಕಿತ್ತುಕೊಂಡ. "ಬ್ಯಾಡ ಕವ್ವಾ, ಉಗಿ! ಈಗ್ತಾನೆ ಔಷ್ದಿ ಒಡ್ದಿವ್ನಿ!"

ಬಾಯಿಂದ ಏನು ಹೊರಬಿತ್ತೆಂದು ಆಮೇಲೆ ತಿಳಿಯಿತು. ಭೂಮಿ ಬಾಯಿಬಿಟ್ಟು ನುಂಗಬಾರದೆ ಅನ್ನಿಸಿತು. ಮಗು ನುಂಗಿರಲಿಲ್ಲ, ಸದ್ಯ. ಹೊಲದಲ್ಲೇ ಇದ್ದ ಅವನ ಹೆಂಡತಿ ಶಿವಗಂಗಮ್ಮ ಅವಳ ಬಾಯಿ ತೊಳೆಸಿದಳು. ಗಂಡನ ಮುಖವನ್ನು ಮಾತ್ರ ನೋಡಲಿಲ್ಲ.

ಲಕ್ಷ್ಮೀದೇವಮ್ಮ ಬೈಯಲಿಲ್ಲ. ಬೈದಿದ್ದರೆ ಅವನು ಬದುಕಿಕೊಳ್ಳುತ್ತಿದ್ದ.

"ಹೋದ ಶನಿವಾರ ಕೊಟ್ಟಿದ್ದು?" ಎಂದರು.

"ಅದುಕ್ಕೂ ಒಡ್ದಿದ್ದೆ, ಅಮ್ನೋರೆ. ತೆಪ್ಪಾಯ್ತು."

"ಕಣ್ಣೆದುರಿಗೆ ತಿಂದ್ರೆ ಓಡಿ ಬಂದ್ರಿ. ವಾರವೆಲ್ಲಾ ನಮ್ಮನೇಲಿ ತಿಂದ್ಲಲ್ಲ, ಆಗ?"

ನಾಚಿಕೆಯಿಂದ ಅವನಿಗೆ ಅಳುವೇ ಬಂತು. ಅವರು ಮಗುವಿನ ಕೈ ಹಿಡಿದುಕೊಂಡು ಬಸ್ಸಿಗೆ ಹೊರಟರು.

ಶನಿವಾರ ಚನ್ನಬಸವಯ್ಯ ಬರಿಗೈಯಲ್ಲಿ ಹೊಳೆನರಸೀಪುರಕ್ಕೆ ಹೋದ. ಮೊದಲ ಮನೆಯಾಕೆ ನಗುನಗುತ್ತ ಚೀಲ ಚಾಚಿದಳು. "ಬಂದ್ರಾ? ನಿಮ್ಮ ಟೊಮೇಟೊ ಬಿಟ್ರೆ ನಮ್ಮತ್ತೆಗೆ ಬೇರೆ ಆಗೋದೇ ಇಲ್ಲ ಕಣ್ರೀ."

"ಸುಳ್ಳೇಳಿವ್ನಿ ಕಣವ್ವಾ, ಔಷ್ದಿ ಒಡ್ದಿದ್ದೆ," ಎಂದ ಅವನು, ತಲೆ ಎತ್ತದೆ.

ಆಕೆ ಚೀಲವನ್ನು ಮೆಲ್ಲಗೆ ಹಿಂದಕ್ಕೆ ಎಳೆದುಕೊಂಡಳು.