ಆರನೆಯ ಸಾಲು

ದಸರೆ ಮುಗಿದು ವಾರವಾಗಿತ್ತು. ಮಳೆ ಹಿಂದೆಗೆದ ಮೇಲೆ ಮುಂಬಯಿಗೆ ಬರುವ ಎರಡನೆಯ ಬೇಸಿಗೆ ಕಾಲಿಟ್ಟು, ಮಲಾಡಿನ ಆ ಸೈಟಿನಲ್ಲಿ ಬೆಳಗಿನ ಹತ್ತಕ್ಕೇ ಕಬ್ಬಿಣದ ಸರಳುಗಳು ಮುಟ್ಟಲಾಗದಂತೆ ಕಾಯುತ್ತಿದ್ದವು. ಶ್ರೀಮಂತ ಅಂಗೈಗೆ ಗೋಣಿಯ ಚೂರು ಸುತ್ತಿಕೊಂಡು ಕಂಬಕ್ಕೆ ಹಾಕುವ ರಿಂಗುಗಳನ್ನು ಬಗ್ಗಿಸುತ್ತಿದ್ದ. ಎದುರಿಗೆ ಐದಾರು ಆಳುಗಳು ಸರಳು ಕತ್ತರಿಸುತ್ತಿದ್ದರು. ಬೆವರು ಅವರ ಮೊಣಕೈಗಳಿಂದ ತೊಟ್ಟಿಕ್ಕಿ ಧೂಳಿನಲ್ಲಿ ಸಣ್ಣ ಸಣ್ಣ ಗುಳಿ ಮಾಡುತ್ತಿತ್ತು.

ಸೇಫ್ಟಿ ಆಫೀಸರ್ ರೋಶನ್ ನೆರಳು ಬಿಟ್ಟು ಬರದೆ ಅಲ್ಲಿಂದಲೇ ಕೂಗಿದ: “ಶ್ರೀಮಂತ್, ಚಂದ್ರಾಮ್ ಕೀ ಬೀವಿ ಆ ಗಯೀ. ಚಾರ್ ಬಜೇ ಟೆಸ್ಟ್ ಹೈ. ಪಢಾ ದೇ ಉಸ್ಕೋ.”

ರಿಂಗು ಅರ್ಧ ಬಗ್ಗಿ ಅಲ್ಲೇ ನಿಂತಿತು. ಅವನ ಊರಿನವನೇ ಆದ ಚಂದ್ರಾಮ ಈ ಸೈಟಿನಲ್ಲಿ ಸತ್ತು ಮೂರು ತಿಂಗಳು. ಅವನ ಹೆಂಡತಿ ಇಂದ್ರಾಬಾಯಿಗೆ ಸ್ಲ್ಯಾಬಿಗೆ ನೀರು ಹಿಡಿಯುವ ಕೆಲಸ ಕೊಡುತ್ತೇವೆಂದು ಠೇಕೇದಾರ ಮಾತು ಕೊಟ್ಟಿದ್ದು ನಿಜ. ಆದರೆ ಅವಳು ನಿಜವಾಗಿ ಬಂದುಬಿಡುತ್ತಾಳೆಂದು ಶ್ರೀಮಂತ ಅಂದುಕೊಂಡಿರಲಿಲ್ಲ.

ಆ ಸೈಟಿನಲ್ಲಿ ಕೆಲಸಕ್ಕೆ ಸೇರಬೇಕಾದರೆ ಒಂದು ಪರೀಕ್ಷೆ ಇತ್ತು. ಕೆಲಸಗಾರ ಏನು ಮಾಡಲೇಬೇಕು, ಏನು ಮಾಡಲೇಬಾರದು ಎಂಬ ಒಂಬತ್ತು ಮಾತುಗಳನ್ನು ರೋಶನ್ ಇಂಗ್ಲಿಷಿನಲ್ಲಿ ಓದುತ್ತಿದ್ದ. ಒಂದೊಂದಕ್ಕೂ ‘ಮಸ್ಟ್’ ಇಲ್ಲವೆ ‘ಮಸ್ಟ್ ನಾಟ್’ ಎಂದು ಉತ್ತರ ಕೊಡಬೇಕು. ತಪಾಸಣೆಗೆ ಬರುವ ದೊಡ್ಡ ಸಾಹೇಬರಿಗೆ ತೋರಿಸಲು ಅದನ್ನೆಲ್ಲ ಮೊಬೈಲಿನಲ್ಲಿ ವಿಡಿಯೋ ಮಾಡಿಡುತ್ತಿದ್ದ. ಆಳಂದ ಕಡೆಯ ಎಪ್ಪತ್ತು ಆಳುಗಳನ್ನು ಈ ಪರೀಕ್ಷೆ ದಾಟಿಸಿದವನು ಶ್ರೀಮಂತನೇ. ಒಂಬತ್ತನೆಯ ಇಯತ್ತೆವರೆಗೆ ಓದಿದ್ದ ಅವನಿಗೆ ಮೊದಲ ದಿನವೇ ಒಂದು ಗುಟ್ಟು ಹೊಳೆದಿತ್ತು. ಕಾಗದದ ಮೇಲಿನ ಕ್ರಮ ಯಾವತ್ತೂ ಬದಲಾಗುವುದಿಲ್ಲ. ಎರಡು ಮಸ್ಟ್, ಒಂದು ಮಸ್ಟ್ ನಾಟ್. ಮತ್ತೆ ಎರಡು, ಮತ್ತೆ ಒಂದು. ಮುಂಗಾರಿಗೆ ಕೂರಿಗೆ ಹೂಡಿ ಎರಡು ಸಾಲು ಹೆಸರು, ಒಂದು ಸಾಲು ತೊಗರಿ ಬಿತ್ತಿದವರಿಗೆ ಇದನ್ನು ಹೇಳಿಕೊಡಲು ಎಷ್ಟು ಹೊತ್ತು? ಹೆಸರಿನ ಸಾಲಿಗೆ ಮಸ್ಟ್, ತೊಗರಿಯ ಸಾಲಿಗೆ ಮಸ್ಟ್ ನಾಟ್. ಬೆರಳಿನ ಗೆಣ್ಣುಗಳ ಮೇಲೆ ಸಾಲು ಎಣಿಸುತ್ತ ಎಲ್ಲರೂ ಒಂಬತ್ತಕ್ಕೆ ಒಂಬತ್ತು ಪಡೆದರು. ಅವರ ಊರಿನವರು ಬಲು ಹುಷಾರೆಂದು ರೋಶನ್ ಹೊಗಳಿದ್ದ.

ಚಂದ್ರಾಮನೂ ಹಾಗೆಯೇ ದಾಟಿದ್ದ. ಬಂದ ಐದನೆಯ ದಿನ ಎಂಟನೆಯ ಮಾಳಿಗೆಯಲ್ಲಿ, ಹೆಗಲ ಮೇಲೆ ಸರಳಿನ ಹೊರೆ ಹೊತ್ತು ಬರುವಾಗ, ನೆಲಕ್ಕೆ ಹಾಸಿದ್ದ ಕೆಂಪು ಬಣ್ಣದ ಹಲಗೆಯ ಮೇಲೆ ಕಾಲಿಟ್ಟ. ತೆಳ್ಳನೆಯ ಪ್ಲೈವುಡ್ಡು. ಅದರಡಿಗೆ ಲಿಫ್ಟಿಗೆಂದು ಬಿಟ್ಟ, ಬಾವಿಯಂಥ ಖಾಲಿ ಜಾಗ. ಆ ಸಂಜೆ ಉಳಿದವರೆಲ್ಲರಿಗೂ ಕೆಂಪು ಹಲಗೆಯ ಅರ್ಥ ತಿಳಿಯಿತು, ಯಾರೂ ಹೇಳಿಕೊಡಬೇಕಾಗಲಿಲ್ಲ. ವಿಚಾರಣೆಗೆ ಬಂದವರು ಅವನ ವಿಡಿಯೋ ನೋಡಿದರು. ಎಲ್ಲ ತಿಳಿದವನು ತಿಳಿದೂ ತಪ್ಪು ಮಾಡಿದ್ದಾನೆ ಎಂದು ಬರೆದುಕೊಂಡು ಹೋದರು. ತಿಳಿದೂ ಕಾಲಿಡುವುದೆಂದರೆ ಕುಡಿದಿರಬೇಕು ಎಂದು ಯಾರೋ ಅಂದರು. ಶ್ರೀಮಂತ ಹೆಣವನ್ನು ಊರಿಗೆ ಒಯ್ಯುವ ಮೊದಲೇ ಆ ಮಾತೂ, ಮೊಬೈಲಿನಲ್ಲಿ ಆ ವಿಡಿಯೋವೂ ಅಲ್ಲಿಗೆ ಮುಟ್ಟಿದ್ದವು.

ಮಧ್ಯಾಹ್ನದ ಊಟದ ಹೊತ್ತಿಗೆ ತಗಡಿನ ಶೆಡ್ಡಿನ ನೆರಳಲ್ಲಿ ಇಂದ್ರಾಬಾಯಿ ಬಟ್ಟೆಯ ಗಂಟು ಬಿಚ್ಚಿದಳು. ಖಡಕ್ ರೊಟ್ಟಿ, ಶೇಂಗಾ ಹಿಂಡಿ.

“ಮೊದಲ ತಿನ್ನು ತಮ್ಮಾ. ಮಾವ ನಿನಗಂತನೇ ಕಳಿಸ್ಯಾರ. ಶ್ರೀಮಂತ ಇರಲಿಲ್ಲಂದ್ರ ಹೆಣಾನೂ ನೋಡ್ತಿರ್ಲಿಲ್ಲ ನಾವು ಅಂತಾರ.”

“ಖಂಡಪ್ಪ ಕಾಕಾ ಹ್ಯಾಂಗಿದ್ದಾನ ವೈನಿ?” ಎಂದು ಶ್ರೀಮಂತ ಚಂದ್ರಾಮನ ತಂದೆಯನ್ನು ವಿಚಾರಿಸಿದ.

“ಏನ್ ಹೇಳ್ಲಿ? ಗುಡಿ ಕಟ್ಟಿಗಿ ಹೋಗಿ ಕೂಡೂದು ಬಿಟ್ಟಾರ. ಮಗ ಕುಡದ್ ಸತ್ತ ಅಂತ ಮಂದಿ ಅಂತದಲ್ಲ.” ರೊಟ್ಟಿ ಮುರಿದು ಅವನ ಮುಂದಿಟ್ಟಳು. “ಹನ್ನೊಂದು ವರ್ಷ ಬಾಳೇ ಮಾಡೀನಿ. ಒಂದಿನ ವಾಸನಿ ಬಂದಿಲ್ಲ. ಮತ್ತ್ಯಾಕ ಆ ಹಲಿಗಿ ಮ್ಯಾಲ ಕಾಲಿಟ್ರು? ಅದೊಂದು ನನಗ ತಿಳೀವಲ್ದು.”

ಶ್ರೀಮಂತ ರೊಟ್ಟಿ ಅಗಿಯುತ್ತಲೇ ಇದ್ದ. ಆ ಕಡೆಯಿಂದ ತಲೆಯ ಮೇಲೆ ಖಾಲಿ ಬುಟ್ಟಿ ಇಟ್ಟುಕೊಂಡು ಹೋಗುತ್ತಿದ್ದ ಅವರ ಕಡೆಯ ಆಳು ನೀಲಾಬಾಯಿ ನಿಂತು, “ಏ ಮಾಸ್ತರ, ನನಗ ಕಲಿಸೂ ಮುಂದ ಎಮ್ಮಿ ಅಂತ ಬೈದಿದ್ದಿ. ವೈನಿಗಿ ನೋಡು, ಎಷ್ಟ್ ಮೆತ್ತಗ ಕುಂತಾನ!” ಎಂದು ನಕ್ಕು ಹೋದಳು.

“ಆತು, ಕಲಿಸಪ್ಪ ಮಾಸ್ತರ,” ಎಂದು ಇಂದ್ರಾಬಾಯಿಯೂ ತುಸು ನಕ್ಕಳು.

ಅವನು ಹೆಸರಿನ ಸಾಲು, ತೊಗರಿಯ ಸಾಲು ಹೇಳಿದ. ಅವಳು ಒಮ್ಮೆ ಕೇಳಿದ್ದೇ ಸಾಕಾಯಿತು. ಹೆಬ್ಬೆರಳನ್ನು ಗೆಣ್ಣಿನಿಂದ ಗೆಣ್ಣಿಗೆ ಸರಿಸುತ್ತ ಒಂಬತ್ತೂ ಒಪ್ಪಿಸಿದವಳು ತನ್ನ ಬೆರಳುಗಳನ್ನೇ ನೋಡುತ್ತ ಕೂತುಬಿಟ್ಟಳು.

“ವಿಡಿಯೋದಾಗ ಅವರ ಬೆರಳು ಹಿಂಗ ಹೋಗ್ತಿತ್ತು. ಅಂಜಿ ಹಿಸಕ್ಕೊಳ್ಳಾಕತ್ಯಾರ ಅಂತ ತಿಳದಿದ್ದೆ. ಸಾಲು ಎಣಸ್ಲಾಕತ್ತಿದ್ರೇನು! ಎಷ್ಟ್ ಸಲ ನೋಡೀನೋ ಏನೋ ಅದನ್ನ.” ಸೆರಗಿನಿಂದ ಮೂಗು ಒರೆಸಿಕೊಂಡಳು. “ಇರ್ಲಿ. ಈಗ ಒಂದೊಂದು ಸಾಲಿನ್ಯಾಗ ಏನದ ಹೇಳು.”

“ಅದೇನ್ ಬ್ಯಾಡ ವೈನಿ. ಉತ್ತರ ಬಂದ್ರ ಸಾಕು.”

“ಬ್ಯಾಡಂದ್ರ? ನಾಳಿಂದ ಇಲ್ಲೇ ದುಡಿಯಾಕಿ ನಾನು. ಏನ್ ಮಾಡಬೇಕು, ಏನ್ ಮಾಡಬಾರದು ಗೊತ್ತಿಲ್ಲದ ಹ್ಯಾಂಗ ದುಡೀಲಿ?”

ಅವನು ಹೇಳತೊಡಗಿದ. ತಲೆಗೆ ಹೆಲ್ಮೆಟ್ ಹಾಕಬೇಕು. ಎತ್ತರದಲ್ಲಿ ಬೆಲ್ಟ್ ಕಟ್ಟಿಕೊಳ್ಳಬೇಕು. ಕೆಲಸದ ಜಾಗದಲ್ಲಿ ಬೀಡಿ ಸೇದಬಾರದು. “ನಾ ಸೇದಂಗಿಲ್ಲ ಬಿಡು,” ಎಂದಳು ಅವಳು. ಗೇಟಿನಲ್ಲಿ ಪಾಸು ತೋರಿಸಬೇಕು. ಗಾಯವಾದರೆ ಮುಚ್ಚಿಡದೆ ಹೇಳಬೇಕು. ಇಷ್ಟಾಗುವಾಗ ಅವನ ಮಾತು ನಿಧಾನವಾಗಿತ್ತು. ಆರನೆಯದಕ್ಕೆ ಬೇರೆ ಏನಾದರೂ ಹೇಳಿಬಿಡಬಹುದಿತ್ತು. ಎಲ್ಲೆಂದರಲ್ಲಿ ಉಗುಳಬಾರದು ಎಂದರೆ ಅವಳಿಗೇನು ಗೊತ್ತಾಗುತ್ತಿತ್ತು? ಮಾತು ನಾಲಿಗೆಯ ತುದಿಗೆ ಬಂದೂ ಇತ್ತು. ಆದರೆ ನಾಳೆ ಇವಳೂ ಆ ಮಾಳಿಗೆಗಳನ್ನು ಹತ್ತುವವಳು.

“ಕೆಂಪು ಹಲಿಗಿ ಮ್ಯಾಲ ಕಾಲಿಡಬಾರದು. ಅದರ ಬುಡಕ ಖಾಲಿ ಇರ್ತದ.”

ರೊಟ್ಟಿಯ ಚೂರು ಹಿಡಿದಿದ್ದ ಅವಳ ಕೈ ಗಂಟಿನ ಮೇಲೆ ಇಳಿಯಿತು. ದೂರದಲ್ಲಿ ಕಟಿಂಗ್ ಮಷೀನು ಕಿರುಚಿ ನಿಂತಿತು.

“ಇದು ಅವರಿಗಿ ಹೇಳಿದ್ದೇನು?”

“ಗಡಬಡಿ ಇತ್ತು ವೈನಿ. ಒಂದೇ ದಿನಕ್ಕ ಹನ್ನೊಂದು ಮಂದಿ. ಸಾಲು ಅಷ್ಟೇ ಹೇಳಿದ್ದೆ. ಉಳದದ್ದು ಸಂಜೀಕ ಹೇಳಿದ್ರಾತು ಅಂತ...”

“ಯಾವ ಸಂಜೀಕ?”

ನಾಲ್ಕು ಸಂಜೆಗಳಿದ್ದವು. ನಾಲ್ಕೂ ಸಂಜೆ ಇಬ್ಬರೂ ಇದೇ ಶೆಡ್ಡಿನ ಮುಂದೆ ಕೂತು ಚಹಾ ಕುಡಿದಿದ್ದರು. ಊರಿನ ಮಳೆಯ ಸುದ್ದಿ ಮಾತಾಡಿದ್ದರು.

ಇಂದ್ರಾಬಾಯಿ ಅಳಲಿಲ್ಲ. “ಅಂದ್ರ ಕುಡದಿರ್ಲಿಲ್ಲ. ಗೊತ್ತಿರ್ಲಿಲ್ಲ, ಅಷ್ಟೇ,” ಎಂದಳು. “ಇದನ್ನ ನೀನು ಸಾಹೇಬಗ ಹೇಳು. ಬರಕೊಂಡಿದ್ದು ಅಳಸ್ಲಿ. ಮಾವನ ಕಿವಿಗಿ ಬೀಳ್ಲಿ. ನನಗ ಮತ್ತೇನೂ ಬ್ಯಾಡ.”

“ಹೇಳಿದ್ರ ಎಪ್ಪತ್ತು ಮಂದಿ ಪಾಸ್ ಕಸಗೋತಾರ ವೈನಿ. ಎಲ್ಲಾರೂ ಹಿಂಗೇ ಪಾಸಾದವರು. ನನ್ನಂತೂ ನಿಂತ ಕಾಲ ಮ್ಯಾಲ ಹೊರಗ ಹಾಕ್ತಾರ.”

“ನಾ ಎಪ್ಪತ್ತು ಮಂದೀದು ಕೇಳಿಲ್ಲ ತಮ್ಮಾ,” ಎಂದು ಅವಳು ಗಂಟು ಕಟ್ಟಿದಳು. “ಒಬ್ಬರದು ಕೇಳೀನಿ.”

ನಾಲ್ಕು ಗಂಟೆಗೆ ಕಬ್ಬಿಣದ ಪೆಟ್ಟಿಗೆಯಂಥ ಆಫೀಸಿನಲ್ಲಿ ರೋಶನ್ ಮೊಬೈಲನ್ನು ನೀರಿನ ಬಾಟಲಿಗೆ ಆನಿಸಿ ನಿಲ್ಲಿಸಿದ. ಇಂದ್ರಾಬಾಯಿಯನ್ನು ಅದರೆದುರಿಗೆ ಕೂರಿಸಿದರು. ಶ್ರೀಮಂತ ಬಾಗಿಲಿಗೆ ಒರಗಿ ನಿಂತ. ಅವನು ನಿಂತಲ್ಲಿಂದ ಹೊರಗೆ ಸರಳು ಕತ್ತರಿಸುತ್ತಿದ್ದವರ ಬೆನ್ನುಗಳು ಕಾಣುತ್ತಿದ್ದವು. ಎಲ್ಲ ಗುರುತಿನ ಬೆನ್ನುಗಳೇ.

“ಮಸ್ಟ್,” ಎಂದಳು ಅವಳು. “ಮಸ್ಟ್. ಮಸ್ಟ್ ನಾಟ್.” ಅವಳ ಕೈಗಳು ಮಡಿಲಲ್ಲಿ ಬಿಡಿಯಾಗಿ ಬಿದ್ದಿದ್ದವು. ನಾಲ್ಕು ಆಯಿತು. ಐದು ಆಯಿತು. ರೋಶನ್ ಆರನೆಯದನ್ನು ಓದಿದ.

ರೋಶನ್ ಮತ್ತೊಮ್ಮೆ ಓದಿದ. ಆಗ ಅವಳು ಮೊಬೈಲನ್ನೇ ನೋಡುತ್ತ, ಎದುರಿಗೆ ಕೂತ ಹಿರಿಯರಿಗೆ ಹೇಳುವಂತೆ ಕನ್ನಡದಲ್ಲಿ ಹೇಳಿದಳು: “ಈ ಮಾತು ನನ್ನ ಗಂಡಗ ಯಾರೂ ತಿಳಿಸಿ ಹೇಳಿದ್ದಿಲ್ರಿ. ಅವರು ಬರೀ ಸಾಲು ಎಣಿಸಿ ಹೇಳ್ಯಾರ. ಕುಡದಿರ್ಲಿಲ್ಲ ಅವರು. ಬೇಕಾದ್ರ ಶ್ರೀಮಂತಗ ಕೇಳ್ರಿ.”

ಶ್ರೀಮಂತನ ಹೆಸರೊಂದು ಬಿಟ್ಟು ಬೇರೇನೂ ತಿಳಿಯದ ರೋಶನ್ ತಿರುಗಿ ನೋಡಿದಾಗ ಅವನು ಬಾಗಿಲು ಬಿಟ್ಟು ನೆಟ್ಟಗೆ ನಿಂತಿದ್ದ.

“ಕ್ಯಾ ಬೋಲ್ ರಹೀ ಹೈ? ಜಲ್ದೀ ಬತಾ, ವಿಡಿಯೋ ಚಾಲೂ ಹೈ.”

ಶ್ರೀಮಂತ ಬಾಯಿ ತೆರೆದ. ಹೊರಗೆ ಯಾರೋ ಏನೋ ತಮಾಷೆ ಮಾಡಿದರೆಂದು ಕಾಣುತ್ತದೆ, ಆಳುಗಳು ಒಟ್ಟಿಗೆ ನಕ್ಕರು.

“ಮಸ್ಟ್ ನಾಟ್ ಬೋಲ್ ರಹೀ ಹೈ, ಸರ್.”

ಇಂದ್ರಾಬಾಯಿಗೆ ಹಿಂದಿ ಬರುತ್ತಿರಲಿಲ್ಲ. ಆದರೆ ಆ ಎರಡು ಶಬ್ದ ಅವಳಿಗೆ ಗೊತ್ತಿದ್ದವು. ಅವಳು ತಿರುಗಿ ಅವನನ್ನು ನೋಡಿದಳು. ಆ ನೋಟದಲ್ಲಿ ಸಿಟ್ಟಿರಲಿಲ್ಲ. ತಪ್ಪು ಸ್ಟೇಷನ್ನಿನಲ್ಲಿ ಇಳಿದವಳು ರೈಲು ಹೋದ ಮೇಲೆ ಸುತ್ತಮುತ್ತ ನೋಡುವ ಹಾಗೆ ನೋಡಿದಳು. ಆಮೇಲೆ ಮೊಬೈಲಿಗೆ ಮುಖ ಮಾಡಿ, ರೋಶನ್ ಓದುವುದನ್ನೂ ಕಾಯದೆ ಉಳಿದ ಮೂರನ್ನು ಒಂದೇ ಉಸಿರಿಗೆ ಹೇಳಿ ಮುಗಿಸಿದಳು. ರೋಶನ್ ನಕ್ಕು, ಒಂಬತ್ತಕ್ಕೆ ಒಂಬತ್ತು ಬರೆದು, ಹಳದಿ ಹೆಲ್ಮೆಟ್ಟನ್ನು ಅವಳ ಮುಂದಿಟ್ಟ. ಹಿಂದಿನ ದಿನ ಹಾಕಿದ ಹದಿನಾಲ್ಕನೆಯ ಮಾಳಿಗೆಯ ಸ್ಲ್ಯಾಬಿಗೆ ಈಗಲೇ ನೀರು ಹಿಡಿಯಲು ಅವಳಿಗೆ ಹೇಳೆಂದು ಶ್ರೀಮಂತನಿಗೆ ಅಂದ.

ಆಳುಗಳನ್ನು ಮೇಲಕ್ಕೆ ಒಯ್ಯುವ ಕಬ್ಬಿಣದ ತೊಟ್ಟಿಲಿನಲ್ಲಿ ಇಬ್ಬರೇ ನಿಂತಿದ್ದರು. ಮಾಳಿಗೆಗಳು ಒಂದೊಂದಾಗಿ ಕೆಳಗಿಳಿದವು. ಎಂಟನೆಯದು ಬಂದಾಗ ಅವನು ಕಣ್ಣು ಮುಚ್ಚಿದ. “ವೈನಿ,” ಎಂದ. “ಕಾಕಾಗ ನಾನೇ ಫೋನ್ ಮಾಡಿ...” ಎಂದ. ಗಡಗಡ ಸದ್ದಿನಲ್ಲಿ ಅವಳಿಗೆ ಕೇಳಿಸಿತೋ ಇಲ್ಲವೋ. ಅವಳು ಹೆಲ್ಮೆಟ್ಟಿನ ಪಟ್ಟಿಯನ್ನು ಗದ್ದಕ್ಕೆ ಬಿಗಿಯುತ್ತಿದ್ದಳು.

ತೊಟ್ಟಿಲು ನಿಂತಿತು. ಅವಳು ಇಳಿದು ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡಳು.

“ನಳ ಎಲ್ಲಿ ಅದರೀ, ಮಿಸ್ತ್ರೀ?”

ಅವನು ಕೈ ತೋರಿಸಿದ. ಅವಳು ಹೋಗಿ ಪೈಪು ಎಳೆದು ತಂದು ನೀರು ಬಿಟ್ಟಳು. ಇಡೀ ದಿನ ಕಾದಿದ್ದ ಕಾಂಕ್ರೀಟು ಬಿದ್ದಷ್ಟು ನೀರನ್ನೂ ಸದ್ದಿಲ್ಲದೆ ಕುಡಿಯಿತು. ಒಂದು ಮೂಲೆಯಿಂದ ಶುರುಮಾಡಿ ಅವಳು ಹಿಂದಕ್ಕೆ ಹಿಂದಕ್ಕೆ ಸರಿಯತೊಡಗಿದಳು. ಒಂದು ಹೆಜ್ಜೆ ಇಡುವುದು, ನಿಲ್ಲುವುದು, ತಿರುಗಿ ನೆಲ ನೋಡುವುದು, ಮತ್ತೆ ಒಂದು ಹೆಜ್ಜೆ ಇಡುವುದು.