ಎಡದ ಹುಬ್ಬು ಮೊದಲು

"ಗೆರೆ ಎಳೀಬೇಡ ಕಣೇ, ಕೂದ್ಲು ಬರಿ!" ಎಂದು ಮುದ್ದಮ್ಮ ಮಗಳ ತೋಳಿಗೆ ಒಂದು ಬಿಟ್ಟಳು. ಸಾವಂತ್ರಿ ಹಿಡಿದಿದ್ದ ಊದುಬತ್ತಿಯ ಬೋಳು ಕಡ್ಡಿ ಜಾರಿ, ಹುಬ್ಬಿನಿಂದ ಕಿವಿಯವರೆಗೆ ಕಾಡಿಗೆಯ ಬಾಲ ಮೂಡಿತು.

"ನೋಡ್ಕ ನಿನ್ ಮುಖಾವ. ಒಂದು ಹುಬ್ಬು ಬಾಣಾವರಕ್ಕೆ ಹೊಂಟೈತೆ, ಇನ್ನೊಂದು ಬೇಲೂರಿಗೆ."

"ನೀನು ಹೊಡೆದಿದ್ದಕ್ಕೆ ಹೊಂಟಿದ್ದು," ಎಂದು ಸಾವಂತ್ರಿ ನಕ್ಕಳು.

ಮುದ್ದಮ್ಮ ನಗಲಿಲ್ಲ. ಸೆರಗಿನ ತುದಿಯನ್ನು ಚೊಂಬಿನ ನೀರಿಗೆ ಅದ್ದಿ ಮಗಳ ಹಣೆ ಒರೆಸಿದಳು. ಒರೆಸಿದ ಮೇಲೆ ಅಲ್ಲಿ ಏನೂ ಉಳಿಯಲಿಲ್ಲ. ಮೂಗಿನ ಬುಡದಲ್ಲಿ ನಾಲ್ಕಾರು ಕೂದಲು ಬಿಟ್ಟರೆ ಹುಡುಗಿಯ ಹುಬ್ಬಿನ ಜಾಗದಲ್ಲಿ ಬರೀ ಮಿನುಗುವ ಚರ್ಮ. ಅದನ್ನು ನೋಡಲಾರದೆ ಮುದ್ದಮ್ಮ, "ಮತ್ತೆ ಬರಿ. ಎಡದ್ದು ಮೊದ್ಲು. ಬಲದ್ದು ಬರ್ದು ಎಡಕ್ಕೆ ಹೋದ್ರೆ ಮಣಿಕಟ್ಟು ತಾಗಿ ಅಳಿಸೋಯ್ತದೆ," ಎಂದು ಗದರಿದಳು.

ಹುಬ್ಬು ಉದುರಲು ಶುರುವಾಗಿದ್ದು ಹೋದ ವರ್ಷ ರಾಗಿ ಕೊಯ್ಲಿನ ಹೊತ್ತಿಗೆ. ಅದಕ್ಕೂ ಮುಂಚೆ ಎಡಗೆನ್ನೆಯಲ್ಲಿ ಎಳೆ ವೀಳ್ಯದೆಲೆಯಷ್ಟು ಜಾಗ ಬಣ್ಣಗೆಟ್ಟಿತ್ತು. ಚಿಬ್ಬು ಎಂದು ಮುದ್ದಮ್ಮ ಬೇವು ಅರೆದು ಹಚ್ಚಿದಳು. ಹೋಗಲಿಲ್ಲ. ಹಳೇಬೀಡಿನ ಒಬ್ಬ ಪಂಡಿತನ ಹತ್ತಿರ ಕರೆದುಕೊಂಡು ಹೋದಳು. ಆತ ದೂರದಿಂದಲೇ ನೋಡಿ, ಲೇಪದ ಪೊಟ್ಟಣವನ್ನು ಕೈಗೆ ಕೊಡದೆ ಜಗಲಿಯ ಮೇಲಿಟ್ಟು, ಎತ್ತಿಕೊಳ್ಳಿ ಎಂದ. ಆ ಇಟ್ಟ ರೀತಿ ಮುದ್ದಮ್ಮನಿಗೆ ಅರ್ಥವಾಗದೆ ಇರಲಿಲ್ಲ. ಅರ್ಥವಾದದ್ದಕ್ಕೇ ಸಿಟ್ಟು ನೆತ್ತಿಗೇರಿ, ಬಸ್ ನಿಲ್ಲುವ ಜಾಗದವರೆಗೂ ಪಂಡಿತನ ವಂಶವನ್ನೆಲ್ಲ ಬೈದುಕೊಂಡು ಬಂದಳು. ಚಿಬ್ಬು ಅಂದರೆ ಚಿಬ್ಬು. ಆಮೇಲೆ ಮನೆಯಲ್ಲಿ ಯಾರೂ ಆ ಮಾತು ಎತ್ತಲಿಲ್ಲ.

ಅಷ್ಟರಲ್ಲಿ ಬಿಕ್ಕೋಡಿನಿಂದ ಸಂಬಂಧ ಬಂತು. ಹುಡುಗ ಕಾಫಿ ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರು. ಹೆಣ್ಣು ನೋಡಲು ಬಂದ ದಿನ ಮುದ್ದಮ್ಮನೇ ಕೂತು ಮಗಳ ಮುಖ ತಿದ್ದಿದಳು. ಹುಡುಗನ ತಾಯಿ ಸಾವಂತ್ರಿಯ ಗಲ್ಲ ಹಿಡಿದೆತ್ತಿ, "ಹುಬ್ಬು ನೋಡಿ, ಬರೆದಂಗೈತೆ," ಎಂದು ಹೊಗಳಿ ಹೂ ಮುಡಿಸಿ ಹೋದಳು. ಈಗ ಮುಂದಿನ ಮಂಗಳವಾರ ಚಪ್ಪರ. ಮುದ್ದಮ್ಮನ ಗಂಡ ಬೋರಯ್ಯ ಲಗ್ನಪತ್ರಿಕೆ ಹಂಚಲು ನೆಂಟರ ಊರುಗಳ ಮೇಲೆ ಹೋಗಿದ್ದ. ಬಿಕ್ಕೋಡಿಗೆ ಹೋದ ಮೇಲೆ ಮುಖ ತಿದ್ದುವವರು ಯಾರು? ದಿನವೂ, ಅತ್ತೆ ಏಳುವುದರೊಳಗೆ, ದೀಪ ಹಚ್ಚದೆ ತಾನೇ ಮಾಡಿಕೊಳ್ಳಬೇಕು. ಅದಕ್ಕೇ ಈ ಪಾಠ.

"ಮಚ್ಚೆ ಮೇಲೆ ಪೌಡರ್ ಬಳೀಬೇಡ," ಎಂದು ಹೇಳಿಕೊಟ್ಟಳು. "ಅದು ಮೊದ್ಲೇ ಬಿಳುಚಿಕೊಂಡೈತೆ. ಮಿಕ್ಕಿದ್ ಮುಖಕ್ಕೆ ಬಳಿ. ಮುಖಾನೇ ಮಚ್ಚೆ ಬಣ್ಣಕ್ಕೆ ಬರ್ಬೇಕು. ಮೊದ್ಲು ಒದ್ದೆ ಬಟ್ಟೇಲಿ ಒರೆಸ್ಕ, ಆಮ್ಯಾಕೆ ಚೂರು ಸ್ನೋ, ಆಮ್ಯಾಕೆ ಪೌಡರ್. ಕತ್ತಿಗೂ ಬಳಿ, ಇಲ್ದಿದ್ರೆ ಬಯಲಾಟದ ಪಾತ್ರ ಕಂಡಂಗೆ ಕಾಣ್ತೀಯ. ಹುಬ್ಬಿಗೆ ಮಾತ್ರ ಆತುರ ಪಡಬೇಡ. ಪೈರು ನಾಟಿ ಹಾಕ್ದಂಗೆ, ಒಂದೊಂದೇ."

ಕನ್ನಡಿಯನ್ನು ಗೋಡೆಯ ಕಡೆ ತಿರುಗಿಸಿಟ್ಟು ಮತ್ತೆ ಬರೆಸಿದಳು. ತಪ್ಪಿದಾಗೆಲ್ಲ ಹೊಡೆದಳು. ಸಾವಂತ್ರಿ ಬೆರಳಿನಿಂದ ಮೂಳೆಯ ಅಂಚು ತಡವಿ ಗುರುತಿಟ್ಟುಕೊಂಡು ಕಡ್ಡಿ ಆಡಿಸುವುದನ್ನು ಕಲಿತಳು.

ಅದೇ ವಾರ ಅವರ ಊರು ಹಾರನಹಳ್ಳಿಗೆ ಸರ್ವೆಯವನು ಬಂದಿದ್ದ. ಗಂಗಾಧರಪ್ಪ ಎಂದು ಹೆಸರು. ಅರಸೀಕೆರೆಯಿಂದ ಸೈಕಲ್ಲಿನಲ್ಲಿ ಬರುತ್ತಿದ್ದ. ಊರವರು ಹೆಸರೆತ್ತದೆ ದೊಡ್ಡರೋಗ ಎನ್ನುವ ಕುಷ್ಠ ಯಾರಿಗಾದರೂ ಇದೆಯೇ ಎಂದು ಮನೆಮನೆಗೆ ಹೋಗಿ ನೋಡುವುದು ಅವನ ಕೆಲಸ. ಎಮರ್ಜೆನ್ಸಿ ಕಾಲದ ಸಂತಾನಹರಣ ಆಪರೇಷನ್ನಿನ ಭಯ ಊರಿಗೆ ಇನ್ನೂ ಆರಿರಲಿಲ್ಲ. ಸರ್ಕಾರದ ಬ್ಯಾಗು ಕಂಡರೆ ಗಂಡಸರು ಹೊಲದ ದಾರಿ ಹಿಡಿಯುತ್ತಿದ್ದರು. ಮುದ್ದಮ್ಮ ಓಡುವವಳಲ್ಲ. ಬಾಗಿಲಿಗೆ ಅಡ್ಡ ನಿಂತು, "ಮದ್ವೆ ಮನೆ ಇದು. ಇಲ್ಯಾರಿಗೂ ಯಾವ ರೋಗಾನೂ ಇಲ್ಲ. ಸೈಕಲ್ ತಿರುಗ್ಸಿ ಸ್ವಾಮಿ," ಎಂದಳು.

"ನಾನೇನು ಪಾಯಸಕ್ಕೆ ಬಂದಿಲ್ಲ ತಾಯಿ," ಎಂದು ಆತ ತಾಳ್ಮೆಯಿಂದ ಹೇಳಿದ. "ಇವತ್ತು ಬ್ಯಾಡ ಅಂದ್ರೆ ನಾಳೆ ಬತ್ತೀನಿ."

ಆ ಸಂಜೆ ಬಿಕ್ಕೋಡಿಗೆ ಕಳಿಸಲು ಕಾಡಿಗೆ ಮಾಡಬೇಕಾಗಿತ್ತು. ಅಂಗಡಿಯದು ಬೆವರಿಗೆ ನಿಲ್ಲುವುದಿಲ್ಲ. ಗರುಗದ ಸೊಪ್ಪಿನ ರಸದಲ್ಲಿ ಅದ್ದಿ ಒಣಗಿಸಿದ ಬತ್ತಿಯನ್ನು ಹರಳೆಣ್ಣೆಯಲ್ಲಿ ಹಚ್ಚಿ, ಎರಡು ಇಟ್ಟಿಗೆಯ ಮೇಲೆ ಹಿತ್ತಾಳೆ ತಟ್ಟೆ ಮಗುಚಿಟ್ಟಿದ್ದಳು. ಹಿತ್ತಲಲ್ಲಿ ದೀಪ ಉರಿದು ತಟ್ಟೆಯ ಅಡಿ ಕಪ್ಪುಗಟ್ಟಿತು. "ಗಾಳಿ ಬತ್ತಾ ಐತೆ, ತಟ್ಟೆ ಒಳೀಕೆ ತಗಂಬಾರೇ. ಬಟ್ಟೇಲಿ ಹಿಡ್ಕ, ಕೆಂಡ ಆಗಿರ್ತದೆ," ಎಂದು ಅಡುಗೆಮನೆಯಿಂದಲೇ ಕೂಗಿದಳು.

ಸಾವಂತ್ರಿ ತಟ್ಟೆ ಹಿಡಿದು ಬಂದಳು. ಬಟ್ಟೆ ಅವಳ ಹೆಗಲ ಮೇಲಿತ್ತು. ಬರಿಗೈಯಲ್ಲೇ ತಟ್ಟೆಯ ಅಂಚು ಹಿಡಿದು, ಹೊಸ್ತಿಲಲ್ಲಿ ನಿಂತು, "ಅವ್ವ, ನೋಡು, ಎಷ್ಟು ದಪ್ಪ ಕೂತೈತೆ. ವರ್ಷಕ್ಕಾಗ್ತದೆ," ಎಂದಳು. ಮುಖ ಅರಳಿತ್ತು.

ಚರ್ಮ ಸೀಯುವ ವಾಸನೆ ಮೊದಲು ಬಂದದ್ದು ಮುದ್ದಮ್ಮನ ಮೂಗಿಗೆ. ಒಲೆಯ ಮೇಲೇನೋ ಸೀದಿತು ಎಂದು ತಿರುಗಿದಳು. ಒಲೆಯ ಮೇಲೆ ಬರೀ ನೀರಿತ್ತು. ಮತ್ತೆ ಮಗಳ ಕಡೆ ನೋಡಿದಳು. ಒಂದೇ ಹೊಡೆತಕ್ಕೆ ತಟ್ಟೆಯನ್ನು ಕೆಳಗೆ ಬೀಳಿಸಿದಳು.

"ಯಾಕವ್ವ? ಕಾಡಿಗೆ ಎಲ್ಲಾ ಚೆಲ್ಲೋಯ್ತಲ್ಲ!"

ಮೂರು ಬೆರಳ ತುದಿ ಬೆಳ್ಳಗೆ ಬೆಂದು ಸುಲಿದಿತ್ತು. ಸಾವಂತ್ರಿ ನೆಲದ ಮೇಲಿನ ಕಾಡಿಗೆಯನ್ನೇ ನೋಡುತ್ತಿದ್ದಳು. ಮುದ್ದಮ್ಮ ತಾಳಿಯ ದಾರಕ್ಕೆ ಸಿಕ್ಕಿಸಿದ್ದ ಪಿನ್ನು ಬಿಚ್ಚಿ, ಮಗಳ ಅಂಗೈ ಹಿಡಿದು, ಕಿರುಬೆರಳಿಗೆ ಚುಚ್ಚಿದಳು. ಇನ್ನೂ ಒಳಕ್ಕೆ ಚುಚ್ಚಿದಳು. ರಕ್ತದ ಹನಿ ಮೂಡಿತು. ಹುಡುಗಿ ಇನ್ನೂ ಕಾಡಿಗೆಯ ಬಗ್ಗೆಯೇ ಹಲುಬುತ್ತಿದ್ದಳು.

ಮುದ್ದಮ್ಮ ಗಾಯಕ್ಕೆ ಕೊಬ್ಬರಿ ಎಣ್ಣೆ ಹಚ್ಚಿ ಬಟ್ಟೆ ಸುತ್ತಿದಳು. "ನಾಳೆ ಆ ಸೈಕಲ್ಲಿನವನು ಬತ್ತಾನಲ್ಲ, ತೋರ್ಸಣ," ಎಂದಳು.

"ಏನು ತೋರ್ಸೋದು?"

"ಮುಖಾವ."

ಸಾವಂತ್ರಿ ಕೈ ಎಳೆದುಕೊಂಡಳು. "ಚಿಬ್ಬು ಅಂದೋಳು ನೀನೇ ಅಲ್ವಾ? ಹೊಡೆದು ಹೊಡೆದು ಕಲಿಸ್ದೋಳು ನೀನೇ ಅಲ್ವಾ? ಈಗ ನಂಗೇ ಬತ್ತದೆ. ನೀನು ಸುಮ್ನಿರು, ಅಷ್ಟೇ ಸಾಕು. ನಾನು ಬಿಕ್ಕೋಡಿಗೆ ಹೋಯ್ತೀನಿ."

ಮುದ್ದಮ್ಮ ಕುಕ್ಕರಗಾಲಲ್ಲಿ ಕೂತು ನೆಲದ ಕಾಡಿಗೆಯನ್ನು ಬಟ್ಟೆಯಿಂದ ಒರೆಸತೊಡಗಿದಳು.

ಬೆಳಗ್ಗೆ ಗಂಗಾಧರಪ್ಪ ಜಗಲಿಯ ಮೇಲೆ ಬಂದು ಕೂತಾಗ ಸಾವಂತ್ರಿ ಕರೆಯುವ ಮೊದಲೇ ಹೊರಗೆ ಬಂದಳು. ಮುಖ ಮದುವಣಗಿತ್ತಿಯಂತಿತ್ತು. ಕೆನ್ನೆ, ಕತ್ತು ಒಂದೇ ಬಣ್ಣ. ಎರಡು ಹುಬ್ಬು, ಒಂದೊಂದೇ ಕೂದಲು ನೆಟ್ಟಂತೆ. ಸುಟ್ಟ ಕೈಯನ್ನು ಸೆರಗಿನೊಳಗೆ ಇಟ್ಟುಕೊಂಡಿದ್ದಳು.

"ಕಣ್ಮುಚ್ಚಿಕೊಳ್ಳಮ್ಮ. ಈ ಪುಕ್ಕ ಎಲ್ಲಿ ತಾಗ್ತದೋ ಅಲ್ಲಿ ಬೆಟ್ಟು ಮಾಡಿ ತೋರ್ಸು," ಎಂದು ಆತ ಕೋಳಿಪುಕ್ಕ ತೆಗೆದ. ಎಡಗೈಯ ಮೇಲೆ ತಾಗಿಸಿದ. ತೋರಿಸಿದಳು. ಕೆನ್ನೆಗೆ ತಾಗಿಸಿದ. ಅದನ್ನೂ ತೋರಿಸಿದಳು. ಪಕ್ಕದಲ್ಲಿ ನಿಂತಿದ್ದ ಮುದ್ದಮ್ಮನಿಗೆ ಮಗಳ ರೆಪ್ಪೆಗಳ ನಡುವೆ ಕೂದಲೆಳೆಯಷ್ಟು ಸಂದು ಕಂಡಿತು. ಹುಡುಗಿ ನೋಡಿ ತೋರಿಸುತ್ತಿದ್ದಳು.

"ಏನೂ ಇಲ್ಲ ಬಿಡಿ," ಎಂದು ಗಂಗಾಧರಪ್ಪ ಪುಕ್ಕವನ್ನು ಬ್ಯಾಗಿಗೆ ಹಾಕಿದ. "ಮದುವೆ ಚೆನ್ನಾಗಿ ನಡೀಲಿ." ಎದ್ದು ಸೈಕಲ್ಲಿನ ಸ್ಟ್ಯಾಂಡ್ ಒದ್ದ.

ಮುದ್ದಮ್ಮ ಮಗಳ ಜಡೆಯ ಬುಡ ಹಿಡಿದಳು. ಸೆರಗನ್ನು ಕಾಲು ತೊಳೆಯುವ ಚೊಂಬಿಗೆ ಅದ್ದಿ ಹುಬ್ಬಿನ ಮೇಲೆ ಒತ್ತಿ ಉಜ್ಜಿದಳು. ಸಾವಂತ್ರಿ ಚೀರಿದಳು, ತಾಯಿಯ ಕೈ ಪರಚಿದಳು, ಕಚ್ಚಿದಳು. ಎದುರು ಮನೆಯ ದ್ಯಾವಮ್ಮ ಕೈಯಲ್ಲಿ ಮೊರ ಹಿಡಿದು ಬಾಗಿಲಿಗೆ ಬಂದು ನಿಂತಳು. ಮುದ್ದಮ್ಮ ಬಿಡಲಿಲ್ಲ. ಎಡದ್ದು ಹೋಯಿತು, ಬಲದ್ದು ಹೋಯಿತು, ಕೆನ್ನೆಯ ಮಚ್ಚೆ ಎದ್ದು ಬಂತು.

"ಈಗ ನೋಡಿ ಸ್ವಾಮಿ," ಎಂದಳು.

ಗಂಗಾಧರಪ್ಪ ಸೈಕಲ್ಲನ್ನು ಗೋಡೆಗೆ ಒರಗಿಸಿ ವಾಪಸ್ಸು ಬಂದ. ಸೆರಗಿನೊಳಗಿಂದ ಹುಡುಗಿಯ ಕೈ ಬಿಡಿಸಿ, ಬಟ್ಟೆ ಬಿಚ್ಚಿ, ಬೆಂದ ಬೆರಳುಗಳನ್ನು ತನ್ನ ಅಂಗೈಯಲ್ಲಿ ಇಟ್ಟುಕೊಂಡು ನೋಡಿದ. ತುಂಬ ಹೊತ್ತು ಬಿಡಲಿಲ್ಲ. "ಯಾವಾಗ್ಲಿಂದ ತಾಯಿ?"

"ವರ್ಷದ ಮೇಲಾಯ್ತು."

"ಮಾತ್ರೆ ಐತೆ. ವರ್ಷಗಟ್ಲೆ ನುಂಗಬೇಕು, ಮಧ್ಯ ಬಿಡಂಗಿಲ್ಲ. ರೋಗ ನಿಲ್ತದೆ. ಆದ್ರೆ ಬೆರಳಿನ ಸ್ಪರ್ಶ..."

"ಮದ್ವೆ?" ಎಂದು ಕೇಳಿದವಳು ಸಾವಂತ್ರಿ.

ಗಂಗಾಧರಪ್ಪ ಬಟ್ಟೆಯನ್ನು ಮತ್ತೆ ಸುತ್ತತೊಡಗಿದ. ಎದುರು ಮನೆಯ ಬಾಗಿಲು ಮುಚ್ಚಿಕೊಂಡಿತು.

ಮಾರನೆಯ ದಿನ ಮಾತ್ರೆ ತರಲು ತಾಯಿ ಮಗಳು ಅರಸೀಕೆರೆಯ ಬಸ್ ಹತ್ತಿದರು. ಮೂವರು ಕೂರುವ ಸೀಟಿನ ಕೊನೆಯಲ್ಲಿದ್ದ ಹೆಂಗಸು ಇವರನ್ನು ನೋಡಿ ಎದ್ದು ಹಿಂದಕ್ಕೆ ಹೋದಳು. ಸಾವಂತ್ರಿ ಕಿಟಕಿಯ ಕಡೆ ಕೂತಿದ್ದಳು. ಮುಖದ ಮೇಲೆ ಪೌಡರ್, ಕಾಡಿಗೆ ಏನೂ ಇರಲಿಲ್ಲ.

ಊರ ತೋಟಗಳನ್ನು ದಾಟಿದ ಮೇಲೆ ಅವಳು ಬಟ್ಟೆ ಸುತ್ತಿದ ಬೆರಳೆತ್ತಿ ಎಡದ ಹುಬ್ಬಿನ ಮೂಳೆಯನ್ನು ತಡವಿದಳು. ಒಳಗಿಂದ ಹೊರಕ್ಕೆ, ಸ್ವಲ್ಪಸ್ವಲ್ಪವೇ, ಮೇಲಕ್ಕೊಂದು ಚೂರು ಎಳೆದು ನಿಲ್ಲಿಸುತ್ತ ಕೊನೆ ಮುಟ್ಟಿಸಿದಳು. ಆಮೇಲೆ ಬಲದ್ದು. ಬಸ್ಸು ಕುಲುಕುತ್ತಿದ್ದರೂ ಬೆರಳು ಜಾರಲಿಲ್ಲ. ಮುದ್ದಮ್ಮ ಕಪ್ಪು ಹತ್ತಿದ ಸೆರಗನ್ನು ಮಡಿಲಲ್ಲಿ ಮುದುರಿ ಹಿಡಿದು ನೋಡುತ್ತ ಕೂತಳು. ಎರಡೂ ಸಮವಾಗಿ ಬಂದಿದ್ದವು.